ಈರಕ್ಕನ ಒಂದೆಲಗ

ನನ್ನ ಸೋದರತ್ತೆ ಈರಕ್ಕನಷ್ಟು ಕ್ಷಮಾಗುಣದ ಹೆಂಗಸು ಇಲ್ಲ ಎಂದು ಹೊಳವನಹಳ್ಳಿಯ ಆಸುಪಾಸಿನಲ್ಲಿ ಈಗಲೂ ಹೇಳುವವರಿದ್ದಾರೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಕ್ಷಮೆಯಂತೆ, ಕ್ಷಮೆ! ಅವಳು ಮಾಡಿದ್ದೇನು ಎಂದು ಪಕ್ಕದಲ್ಲೇ ನಿಂತು ನೋಡಿದವಳು ನಾನು.

ನಾವು ಕುರಿ ಕಾಯುವ ಗೊಲ್ಲರು. ನಮ್ಮ ಹಟ್ಟಿಯಲ್ಲಿ ಕುರಿಗೂ ಮನುಷ್ಯರಿಗೂ ಸೊಪ್ಪಿನ ಮದ್ದು ಕೊಡುತ್ತಿದ್ದವಳು ಈರಕ್ಕ. ಮದ್ದಿಗೆ ಕಾಸು ಮುಟ್ಟುವಂತಿರಲಿಲ್ಲ. ಬದಲಿಗೆ, ಎಲೆಯನ್ನು ಅಂಗೈಯಲ್ಲಿ ಹಿಡಿದವರು ಅವಳು ಕೇಳಿದ ಒಂದು ಮಾತಿಗೆ ನಿಜ ಹೇಳಬೇಕು. ಸುಳ್ಳು ಹೇಳಿದರೆ ಮದ್ದು ಹತ್ತುವುದಿಲ್ಲ. ಸಾಮಾನ್ಯವಾಗಿ ಅವಳು ಕೇಳುತ್ತಿದ್ದದ್ದು ನಿನ್ನೆ ಏನು ತಿಂದೆ ಎಂದು, ಅಷ್ಟೇ.

ನನ್ನಪ್ಪ ಓಬಯ್ಯ ಅವಳಿಗೆ ಒಬ್ಬನೇ ತಮ್ಮ. ನಾನು ತೊಟ್ಟಿಲಲ್ಲಿದ್ದ ವರ್ಷ ಪಟೇಲ ನಂದೀಶ್ವರಯ್ಯನ ಹುಲ್ಲಿನ ಬಣವೆಗಳು ಹೊತ್ತಿ ಉರಿದವು. ಓಬಯ್ಯ ಕೊಳ್ಳಿ ಇಟ್ಟದ್ದನ್ನು ಕಣ್ಣಾರೆ ಕಂಡೆ ಎಂದು ಪಟೇಲ ಮಧುಗಿರಿಯ ಕೋರ್ಟಿನಲ್ಲಿ ಆಣೆ ಮಾಡಿ ಹೇಳಿದ. ಬೀಡಿ ಎಸೆದವನು ಅವನ ಮಗನೇ ಎಂದು ನಮ್ಮವರಿಗೆ ಅನುಮಾನವಿತ್ತು, ಆದರೆ ಬಾಯಿ ಬಿಡುವ ಧೈರ್ಯ ಯಾರಿಗಿತ್ತು? ಅಪ್ಪ ಜೈಲಿನಲ್ಲೇ ಸತ್ತ. ಹೆಣವೂ ಹಟ್ಟಿಗೆ ಬರಲಿಲ್ಲ. ನಾನು ಮಾತ್ರ ‘ಕೊಳ್ಳಿ ಓಬನ ಮಗಳು’ ಅನ್ನಿಸಿಕೊಂಡೇ ಬೆಳೆದೆ, ಮದುವೆಯಾದೆ, ಮಕ್ಕಳನ್ನೂ ಹೆತ್ತೆ.

ಇಪ್ಪತ್ತು ವರ್ಷ ಕಳೆದು, ಯುರೋಪಿನಲ್ಲಿ ಎರಡನೆಯ ಮಹಾಯುದ್ಧ ಶುರುವಾದ ಕಾಲಕ್ಕೆ, ಪಟೇಲನಿಗೆ ಮರೆವು ಹಿಡಿಯಿತು. ಪ್ಲೇಗಿನಲ್ಲಿ ಸತ್ತುಹೋಗಿದ್ದ ಆ ಮಗನನ್ನು ಊಟಕ್ಕೆ ಕೂಗುತ್ತಿದ್ದ. ಉಂಡು ಕೈ ತೊಳೆದವನು ಮತ್ತೆ ಎಲೆ ಹಾಕಿ ಎನ್ನುತ್ತಿದ್ದ. ಸಿರಾದ ಹಕೀಮರ ಲೇಹ್ಯವೂ ಆಯಿತು. ಕೊನೆಗೆ ವಿಧವೆ ಸೊಸೆ ಜಗದಾಂಬ ನಮ್ಮ ಹಟ್ಟಿಗೇ ಬಂದಳು.

“ಹಳೇದನ್ನ ಮನಸ್ಸಲ್ಲಿ ಇಟ್ಕೋಬ್ಯಾಡ ಈರಕ್ಕ. ನಮ್ಮ ಮಾವನೋರು ಎಲ್ಲಾನೂ ಮರೀತಾವ್ರೆ.”

“ಎಲ್ಲಾನೂವಾ?” ಎಂದಳು ಅತ್ತೆ. ಅವಳಿಗೆ ಅಷ್ಟು ಭಯವಾದದ್ದನ್ನು ನಾನು ಎಂದೂ ಕಂಡಿರಲಿಲ್ಲ.

ಜಗದಾಂಬ ಹೋದಮೇಲೆ ನಾನು ಕಿರುಚಾಡಿದೆ. “ಆ ಮುದುಕ ಹುಳ ಬಿದ್ದು ಸಾಯ್ಲಿ! ನೀನ್ಯಾಕೆ ಹೋಯ್ತೀಯ?”

“ಅವ್ನು ಮರೆತುಬುಟ್ರೆ ನಿಮ್ಮಪ್ಪ ಬೆಂಕಿ ಇಕ್ಕಿದೋನಾಗೇ ಉಳೀತಾನೆ ಕಣೆ. ನಿಜ ಉಳಿದಿರೋದು ಆ ಒಂದು ತಲೇಲಿ.”

ಮಾರನೆಯ ಬೆಳಿಗ್ಗೆ ಕೆರೆಯ ತೂಬಿನ ಹಿಂದಿನ ಜೌಗಿನಲ್ಲಿ ಮರೆವಿಗೆ ಮದ್ದಾದ ಒಂದೆಲಗ ಕಿತ್ತು, ತೊಳೆದು, ಪಟೇಲನ ಜಗಲಿಗೆ ನಡೆದಳು. ಬರಿಹೊಟ್ಟೆಗೆ ಐದು ಎಲೆ ಜಗಿಯಬೇಕು. ಎಲೆಯನ್ನು ಅಂಗೈಯಲ್ಲಿಟ್ಟು ಕೇಳಿದಳು: “ಬಣವೆಗೆ ಬೆಂಕಿ ಇಕ್ಕಿದ್ದು ಯಾರು ಪಟೇಲ್ರೇ?”

“ಯಾವ ಬಣವೆ?” ಎಂದ. ನಿಜವಾಗಿಯೂ ನೆನಪಿರಲಿಲ್ಲ, ಹಾಗಾಗಿ ಎಲೆ ತಿನ್ನಿಸಿದಳು. ಹದಿನೈದು ದಿನ ಇದೇ ಆಯಿತು. ಹದಿನಾರನೆಯ ದಿನ “ಓಬಯ್ಯ” ಎಂದು ತಲೆ ತಗ್ಗಿಸಿದ.

“ಮದ್ದು ಹತ್ತಾಕಿಲ್ಲ” ಎಂದು ಎಲೆಯನ್ನು ಕೈಯಿಂದ ಕಿತ್ತುಕೊಂಡು ಬಂದುಬಿಟ್ಟಳು. ವಾರವಿಡೀ ಹೋಗಲೇ ಇಲ್ಲ. ಮುದುಕ ಮಕ್ಕಳ ಹಾಗೆ ಅತ್ತನಂತೆ. ಕೇಳಿ ನನಗೆ ಹೊಟ್ಟೆ ತಣ್ಣಗಾಯಿತು.

ಮತ್ತೆ ಶುರುವಾಯಿತು. ಎಲೆಯ ಗುಣವೋ, ದಿನಾ ಕೇಳಿದ್ದರ ಗುಣವೋ, ನನಗೆ ತಿಳಿಯದು. ಮೂರು ತಿಂಗಳಿಗೆ ಅವನು ಮೊಮ್ಮಕ್ಕಳ ಹೆಸರು ಹಿಡಿದು ಕರೆಯತೊಡಗಿದ. ಗದ್ದೆಗೆ ನೀರು ಬಿಡುವ ಸರದಿ ಮಾತಾಡಲು ಊರವರೆಲ್ಲ ಜಗಲಿ ತುಂಬ ಕೂತಿದ್ದ ಒಂದು ಬೆಳಿಗ್ಗೆ, ಕೈಲಿ ಎಲೆ ಹಿಡಿದು ಹೇಳಿಯೇಬಿಟ್ಟ: “ನನ್ನ ಮಗ ಕಣೆ. ಓಬಯ್ಯ ಅಲ್ಲ. ನಾನು ಕೋರ್ಟಲ್ಲಿ ಸುಳ್ಳು ಹೇಳ್ದೆ.”

ನಾನು ಅಲ್ಲೇ ಬೀದಿಯಲ್ಲಿ ಕೂತು ಗೊಳೋ ಎಂದು ಅತ್ತೆ.

ಗೆದ್ದೆವು, ಮುಗಿಯಿತು ಅಂದುಕೊಂಡಿದ್ದೆ. ಮಾರನೆಯ ಬೆಳಿಗ್ಗೆ ನೋಡಿದರೆ ಈರಕ್ಕ ಮತ್ತೆ ಒಂದೆಲಗ ತೊಳೆಯುತ್ತಿದ್ದಾಳೆ. ಅಂದೂ ಅದೇ ಪ್ರಶ್ನೆ, ಅದೇ ಉತ್ತರ. ದಿನಾ ಹೇಳಿದ, ದಿನಾ ಅತ್ತ. ಹೀಗೆ ವರ್ಷ ತುಂಬುತ್ತ ಬಂದಾಗ ಒಂದು ದಿನ ಮುಷ್ಟಿ ಬಿಗಿಹಿಡಿದು ಬೇಡಿಕೊಂಡ: “ಸಾಕು ಈರಕ್ಕ. ಮರೆತೋಗ್ಲಿ ಬುಡು.”

ಬಾಗಿಲಲ್ಲಿ ನಿಂತಿದ್ದ ಜಗದಾಂಬ ನಮ್ಮತ್ತೆಗೆ ಕೈ ಮುಗಿದಳು. “ಇಷ್ಟಾದ್ರೂ ಮದ್ದು ನಿಲ್ಸಲಿಲ್ವಲ್ಲ, ಎಂಥಾ ದೊಡ್ಡ ಮನಸ್ಸಮ್ಮ ನಿಂದು.”

ಈರಕ್ಕ ಮುದುಕನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಇನ್ನೆರಡು ಎಲೆ ಹೆಚ್ಚಿಗೆ ಇಟ್ಟಳು.

“ಜಗೀರಿ ಪಟೇಲ್ರೇ. ನಂಗೂ ಮರೆಯಾಕೆ ಆಗಿಲ್ಲ.”