ಅರಸೊತ್ತಿಗೆ ಬೇಡವೆಂದು ಸತ್ತವರಿಗೂ ಒಂದು ನಿಮಿಷ

ಮೈಸೂರಿನ ಮಾಜಿ ಮಹಾರಾಜರು ತೀರಿಕೊಂಡ ಸುದ್ದಿ ರೇಡಿಯೋದಲ್ಲಿ ಬಂದಾಗ ನಾನು ಹೊನ್ನವಳ್ಳಿಯ ನಮ್ಮ ಮನೆಯ ಅಟ್ಟದಿಂದ ಕಾಯಿ ಇಳಿಸುತ್ತಿದ್ದೆ. ಕೆಳಗೆ ನನ್ನ ಸೋದರತ್ತೆ ಮಚ್ಚಿನಲ್ಲಿ ಕರಟ ಒಡೆದು ಕೊಬ್ಬರಿ ತೆಗೆಯುತ್ತಿದ್ದಳು. ಸುದ್ದಿ ಕೇಳಿ ಮಚ್ಚು ಪಕ್ಕಕ್ಕಿಟ್ಟಳು.

"ಪಾಪ, ಅಂಥಾ ವಯಸ್ಸೇನಲ್ಲ ಬುಡು" ಎಂದಳು.

ಆ 'ಪಾಪ'ದಲ್ಲಿ ಕೊಂಕಿರಲಿಲ್ಲ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಯಾಕೆಂದರೆ ಆಮೇಲೆ ಊರವರು ಅವಳನ್ನು ಹೆಣದ ಮುಂದೆ ನಗುವವಳು ಎಂದರು.

ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ ನಮ್ಮ ಸೀಮೆಯಲ್ಲಿ ಇನ್ನೂ ಅರಮನೆಯದೇ ಆಡಳಿತವಿತ್ತು. ಜವಾಬ್ದಾರಿ ಸರ್ಕಾರ ಬೇಕೆಂದು ಜನ ಬೀದಿಗಿಳಿದಾಗ ಅತ್ತೆಯ ಗಂಡನೂ ತಿಪಟೂರಿಗೆ ಹೋದ. ಮೆರವಣಿಗೆಯಲ್ಲಿ ಪೊಲೀಸರ ಲಾಠಿ ತಲೆಗೆ ಬಿತ್ತು. ಎತ್ತಿನ ಗಾಡಿಯಲ್ಲಿ ಮಲಗಿಸಿ ಮನೆಗೆ ತಂದರು. ಮಾತು ನಿಂತುಹೋಗಿತ್ತು. ಸಂಕ್ರಾಂತಿ ಬರುವ ಹೊತ್ತಿಗೆ ಜೀವವೂ ಹೋಯಿತು. ಮಕ್ಕಳಿರಲಿಲ್ಲ. ಅತ್ತೆ ತವರಿಗೆ ಬಂದು ತನ್ನ ಪಾಲಿನ ತೋಟ ನೋಡಿಕೊಂಡು ಉಳಿದಳು. ಹೋದವನಿಗಾಗಿ ಯಾರೂ ಯಾವ ಬಾವುಟವನ್ನೂ ಇಳಿಸಲಿಲ್ಲ.

ಮಾರನೆಯ ದಿನ ತಿಪಟೂರಿನ ಮೈದಾನದಲ್ಲಿ ಸಂತಾಪ ಸಭೆ, ಅಂಗಡಿಗಳೆಲ್ಲ ಬಂದ್ ಎಂದು ಸಂಜೆಯ ಬಸ್ಸಿನವರು ಹೇಳಿದರು. ಅತ್ತೆ ಒಂದು ರಟ್ಟು ತಂದು ನನ್ನ ಮುಂದಿಟ್ಟಳು. ನಾನಾಗ ತಿಪಟೂರಿನ ಒಂದು ಖಾಸಗಿ ಹೈಸ್ಕೂಲಿನಲ್ಲಿ ಹಂಗಾಮಿ ಮೇಷ್ಟ್ರು. ನನ್ನ ಅಕ್ಷರ ದುಂಡಗಿದೆ ಎಂದು ಅವಳಿಗೆ ಹೆಮ್ಮೆ.

"ಬರಿ ಮಗ. ಅರಸೊತ್ತಿಗೆ ಬೇಡ ಅಂತ ಸತ್ತೋರಿಗೂ ಒಂದು ನಿಮಿಷ ನಿಂತ್ಕೊಳಿ ಅಂತ."

"ದುಃಖದ ದಿವ್ಸ ಅತ್ತೆ. ನಾಡಿದ್ದು ಹೋಗಾಣ."

"ನಾಡಿದ್ದು ನಾನೊಬ್ಳೇ ನಿಂತಿರ್ತೀನಿ. ನಾಳೆ ಊರೇ ನಿಂತಿರ್ತದೆ."

ಬರೆದುಕೊಟ್ಟೆ. ಜೊತೆಗೂ ಹೋದೆ.

ಮೈದಾನದಲ್ಲಿ ಹೂವಿನ ಹಾರ ಹಾಕಿದ ದೊಡ್ಡ ಪಟ, ಊದುಬತ್ತಿ, ಮೈಕು. ಅಧ್ಯಕ್ಷತೆ ವಹಿಸಿದ್ದವನು ಕೊಬ್ಬರಿ ಮಂಡಿಯ ಒಬ್ಬ ದೊಡ್ಡ ಯಜಮಾನ. ನಮ್ಮ ಶಾಲೆಯ ಆಡಳಿತ ಮಂಡಳಿಯಲ್ಲೂ ಅವನದೇ ಮಾತು ನಡೆಯುತ್ತಿತ್ತು. ಅವತ್ತಿನ ಮೆರವಣಿಗೆಯಲ್ಲಿ ಅತ್ತೆಯ ಗಂಡನ ಹೆಗಲಿಗೆ ಹೆಗಲು ಕೊಟ್ಟು ಘೋಷಣೆ ಕೂಗಿದವನೂ ಇವನೇ. ಈಗ ಮೈಕಿನ ಮುಂದೆ ಕಣ್ಣೊರೆಸಿಕೊಳ್ಳುತ್ತ, "ಅನಾಥರಾದೆವು, ತಂದೆಯಿಲ್ಲದ ಮಕ್ಕಳಾದೆವು" ಎನ್ನುತ್ತಿದ್ದ.

ಎಲ್ಲರೂ ಮೌನಕ್ಕೆಂದು ಎದ್ದು ನಿಂತರು. ಅತ್ತೆಯೂ ನಿಂತಳು, ಆ ಪಟಕ್ಕೆ ಕೈಮುಗಿದಳು. ಮೌನ ಮುಗಿದ ಮೇಲೆ ಎಲ್ಲರೂ ಕೂತರು. ಅವಳು ಕೂರಲಿಲ್ಲ. ಸೆರಗಿನೊಳಗಿದ್ದ ರಟ್ಟನ್ನು ತೆಗೆದು ಎದೆಯ ಮುಂದೆ ಹಿಡಿದಳು.

"ಯಾರಮ್ಮ ಅದು, ಕೂತ್ಕೊ" ಎಂದ ಯಜಮಾನ ಮೈಕಿನಲ್ಲಿ.

"ಯಾರು ಅಂತ ನಿಂಗೊತ್ತು ಕಣಪ್ಪ. ಅವತ್ತು ನೀನೂ ಇದ್ದೆ."

ಅವನು ತಲೆ ತಗ್ಗಿಸಿ ಮುಂದಿನ ಭಾಷಣಕಾರರನ್ನು ಕರೆದ. ಅಷ್ಟರಲ್ಲಿ ಯಾರೋ ರಟ್ಟು ಕಿತ್ತುಕೊಂಡು ತುಳಿದರು. ಇನ್ನೊಬ್ಬ ಅವಳ ರಟ್ಟೆ ಹಿಡಿದೆಳೆದ. ಬಿಡಿಸಲು ಹೋದ ನನ್ನ ಅಂಗಿ ಹರಿಯಿತು. ಪೊಲೀಸರು ಬಂದರು. ಎಳೆದವರನ್ನು ಬಿಟ್ಟು ನಮ್ಮಿಬ್ಬರನ್ನು ಹಿಡಿದೊಯ್ದರು.

ಠಾಣೆಯ ಸಬ್‌ಇನ್‌ಸ್ಪೆಕ್ಟರ್ ನನಗಿಂತ ಸ್ವಲ್ಪ ದೊಡ್ಡವನಿರಬೇಕು. ಅತ್ತೆಗೆ ಬೆಂಚು ತೋರಿಸಿ, "ಸತ್ತೋರ ವಿಷ್ಯದಲ್ಲಿ ಇದೆಲ್ಲ ಯಾಕಮ್ಮ?" ಎಂದು ಕೇಳಿದ.

"ಸತ್ತೋರಿಗೆ ಕೈ ಮುಗ್ದೆ, ನೀವ್ ನೋಡ್ಲಿಲ್ವಾ? ನಾನ್ ಕೇಳಿದ್ದು ಬದುಕಿರೋರನ್ನ."

"ಯಾವ ಕಾನೂನು ಮುರಿದಿದ್ದೀವಿ ಹೇಳಿ" ಎಂದೆ ನಾನು.

ಅವನು ಒಂದು ಬಿಳಿ ಹಾಳೆ ತೆಗೆದು ಮೇಜಿನ ಮೇಲಿಟ್ಟ. ಇನ್ನು ಮುಂದೆ ಸಭೆಗಳಲ್ಲಿ ಗಲಾಟೆ ಮಾಡುವುದಿಲ್ಲವೆಂದು ಬರೆದುಕೊಟ್ಟರೆ ಮನೆಗೆ ಕಳಿಸುತ್ತೇನೆ ಎಂದ. ಅತ್ತೆ, "ಮಾಡ್ದೇ ಇರೋ ಗಲಾಟೆನ ಇನ್ಮುಂದೆ ಮಾಡಕಿಲ್ಲ ಅಂತ ಹೆಂಗ್ ಬರ್ಕೊಡ್ಲಿ ಸ್ವಾಮಿ?" ಎಂದು ಗೋಡೆಗೊರಗಿ ಕಣ್ಣು ಮುಚ್ಚಿದಳು. ಸಂಜೆ ಸಭೆಯ ಶಾಮಿಯಾನ ಬಿಚ್ಚಿದ ಮೇಲೆ ನಮ್ಮನ್ನು ಸುಮ್ಮನೆ ಹೊರಗೆ ಬಿಟ್ಟರು.

ಬಸ್ ನಿಲ್ದಾಣದಲ್ಲಿ ಅವಳ ರಟ್ಟೆ ಬಾತುಕೊಂಡಿರುವುದನ್ನು ನೋಡಿದೆ. ನನಗೆ ಬಂದ ಸಿಟ್ಟು ತೀರಿಕೊಂಡ ಮಹಾರಾಜರ ಮೇಲಲ್ಲ. ಅವರಿಗೆ ನಾವು ಯಾರೆಂದೇ ಗೊತ್ತಿರಲಿಲ್ಲ. ದುಃಖವನ್ನು ಅಪ್ಪಣೆಯಂತೆ ಹೊರಡಿಸುವವರ ಮೇಲೆ ಸಿಟ್ಟು. ರಾಜ್ಯ ಹೋಗಿ, ರಾಜಧನವೂ ನಿಂತುಹೋಗಿ, ನಾವೆಲ್ಲ ಓಟು ಹಾಕುವ ಪ್ರಜೆಗಳಾದ ಮೇಲೂ ಒಬ್ಬ ಹೆಂಗಸು ಬಾಯಿ ಬಿಡದೆ ರಟ್ಟು ಹಿಡಿದರೆ ಸಹಿಸಲಾರದವರ ಮೇಲೆ ಸಿಟ್ಟು. ಅಳುವುದು ಅವರ ಹಕ್ಕಾದರೆ ಅಳದಿರುವುದು ನಮ್ಮ ಹಕ್ಕಲ್ಲವೇ? ಅವಳು ಅದನ್ನೂ ಕೇಳಿರಲಿಲ್ಲ. ಮಹಾರಾಜರ ಜೊತೆಗೆ ಇನ್ನೊಬ್ಬರಿಗಾಗಿಯೂ ನಿಲ್ಲಿ ಎಂದಿದ್ದಳು, ಅಷ್ಟೇ.

ಶೋಕದ ರಜೆ ಮುಗಿದು ಶಾಲೆ ತೆರೆದ ದಿನ ಹೆಡ್‌ಮಾಸ್ಟರು ನನ್ನನ್ನು ಕರೆದರು. "ಒಂದು ಕ್ಷಮಾಪಣೆ ಬರ್ಕೊಟ್ಬಿಡಿ ಮೇಷ್ಟ್ರೇ, ನಾನ್ ನೋಡ್ಕೋತೀನಿ" ಎಂದರು. ಒಳ್ಳೆಯ ಮನುಷ್ಯ. ಅವರ ಒಳ್ಳೆಯತನವೇ ನನಗೆ ಹೆಚ್ಚು ಉರಿ ತಂದಿತು. ಎಲ್ಲವೂ ತಪ್ಪೆಂದು ಗೊತ್ತಿದ್ದೂ ಹಾಳೆ ಮುಂದಕ್ಕೆ ತಳ್ಳಿದರಲ್ಲ. ಬರೆಯುವುದಿಲ್ಲ ಎಂದೆ. ನಾಳೆಯಿಂದ ಬರಬೇಡಿ ಎಂದರು. ಮುಂದೆ ತುರುವೇಕೆರೆಯ ಕಡೆ ಬೇರೆ ಕೆಲಸ ಸಿಗುವವರೆಗೆ ತೋಟದಲ್ಲಿ ಅತ್ತೆಯ ಜೊತೆ ದುಡಿದೆ.

ಮರುವರ್ಷ ತುರ್ತು ಪರಿಸ್ಥಿತಿ ಬಂತು. ಬಾಯಿ ಮುಚ್ಚಿಸಲು ದುಃಖದ ನೆಪವೂ ಬೇಕಾಗಲಿಲ್ಲ. ಪೇಪರು ಓದಿ ಹೇಳಿದಾಗ ಅತ್ತೆ, "ಅವತ್ತು ನಮ್ಮ ರಟ್ಟೆ ಹಿಡಿದಾಗ ಸುಮ್ನಿದ್ರಲ್ಲ, ಈಗ ಎಲ್ರುದೂ ಹಿಡೀತಾವ್ರೆ" ಎಂದಳು.

ಅದೆಲ್ಲ ಮುಗಿದ ಮೇಲೆ, ಚುನಾವಣೆಯ ಸಮಯದಲ್ಲಿ, ಮಂಡಿ ಯಜಮಾನ ಓಟು ಕೇಳಲು ಹೊನ್ನವಳ್ಳಿಗೆ ಬಂದ. ನಮ್ಮ ಜಗಲಿಯ ಮೇಲೆ ಕೂತು ಜನ ಚದುರುವವರೆಗೆ ಕಾದ. ಆಮೇಲೆ ಮೆಲ್ಲಗೆ, "ಅವತ್ತಿನ ದಿವ್ಸ ತಪ್ಪಾಯ್ತು ಕಣಮ್ಮ. ಮನ್ಸಲ್ಲಿ ಇಟ್ಕೋಬೇಡ" ಎಂದ.

ಅತ್ತೆ ಅವನ ಮುಂದೆ ಮಜ್ಜಿಗೆಯ ಲೋಟ ಇಟ್ಟಳು.

"ಮಜ್ಜಿಗೆ ಕುಡ್ದು ಹೋಗಪ್ಪ. ತಪ್ಪಾಯ್ತು ಅನ್ನೋದನ್ನ ಮೈಕಲ್ಲಿ ಹೇಳು. ನನ್ನ ಕೂತ್ಕೊ ಅಂದಿದ್ದೂ ಮೈಕಲ್ಲೇ ಅಲ್ವಾ?"

ಅವನು ಮಜ್ಜಿಗೆ ಕುಡಿದು ಹೋದ. ಆ ಚುನಾವಣೆಯಲ್ಲಿ ಎಷ್ಟೋ ಸಭೆಗಳಲ್ಲಿ ಮಾತಾಡಿದ, ಮೈಕಿನಲ್ಲಿ ಆ ಮಾತು ಹೇಳಲಿಲ್ಲ. ಹೇಳಿದರೆ ಬಂದು ತಿಳಿಸು ಎಂದು ಅತ್ತೆ ನನ್ನನ್ನೂ ಸಭೆಗಳಿಗೆ ಕಳಿಸುತ್ತಿದ್ದಳು. ಹೋಗಿ, ಕೊನೆಯ ಸಾಲಿನಲ್ಲಿ ನಿಂತು ಕೇಳಿ, ಹಲ್ಲು ಕಚ್ಚಿಕೊಂಡು ವಾಪಸು ಬರುತ್ತಿದ್ದೆ.