ಮನೋರಮಾ ಟೀಚರ್ ಇಟ್ಟ ಹೆಸರುಗಳು

ಕೋಣಂದೂರಿನ ಬಸ್ ಸ್ಟ್ಯಾಂಡಿನಲ್ಲಿ ನಿಂತು "ಪೂರ್ಣೇಶ್ ಎಲ್ಲಿ?" ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. "ವಿದೌಟ್ ಎಲ್ಲಿ?" ಎನ್ನಿ, ಹತ್ತು ಕೈ ಒಂದೇ ದಿಕ್ಕಿಗೆ ಏಳುತ್ತವೆ. ಈ ವಿದೌಟ್ ಎಂದರೆ ಟಿಕೆಟ್ ಇಲ್ಲದೆ ಬಸ್ಸು ಹತ್ತುವವನಲ್ಲ, ತೀರ್ಥಹಳ್ಳಿ ಬಸ್ಸಿನ ಕಂಡಕ್ಟರು! ಶಾಮಿಯಾನ ಬಾಡಿಗೆಗೆ ಕೊಡುವ ತೀರ್ಥೇಶನ ಹೆಸರು ಕ್ಯಾನ್. ಒಂದೇ ದಿನ ಮೂರು ಮದುವೆ ಬಂದರೂ "ಆಗ್ತದೆ ಬಿಡಿ" ಎನ್ನುವ ಆಸಾಮಿ. ಜಯಪ್ಪ ಸ್ಲೋಲಿ. ಅವನ ಬೈಕನ್ನು ಅಟ್ಟಿಸಿಕೊಂಡು ಬಂದ ನಾಯಿಗಳು ಸ್ವಲ್ಪ ದೂರ ಜೊತೆಗೇ ನಡೆದು, ಬೇಜಾರಾಗಿ ವಾಪಸು ಹೋಗುತ್ತವೆ.

ಈ ನಾಮಕರಣಗಳನ್ನೆಲ್ಲ ಮಾಡಿದವರು ಮನೋರಮಾ ಟೀಚರ್. ಅಲ್ಲಿನ ಹೈಸ್ಕೂಲಿನಲ್ಲಿ ಇಪ್ಪತ್ತೊಂಬತ್ತು ವರ್ಷ ಇಂಗ್ಲಿಷ್ ಕಲಿಸಿ ಕಳೆದ ಮೇ ತಿಂಗಳಲ್ಲಿ ನಿವೃತ್ತರಾದವರು. ಅವರಿಗೆ ಜ್ಯೋತಿಷ್ಯ ಬರುತ್ತಿತ್ತು, ಹುಡುಗರ ಮುಖ ನೋಡಿಯೇ ಹೆಸರಿಡುತ್ತಿದ್ದರು ಎಂದು ಊರಿನಲ್ಲಿ ಒಂದು ಮಾತಿದೆ. ಅದು ಶುದ್ಧ ಸುಳ್ಳು. ಅವರಿಗೆ ಬರುತ್ತಿದ್ದುದು ಬಡಿಸುವುದು.

ಟೀಚರ ಅಪ್ಪ ಸುಬ್ಬಕೃಷ್ಣ ಭಟ್ಟರು ಹೊಸನಗರದ ಕಡೆ ಮದುವೆ ಮುಂಜಿಗಳಿಗೆ ಅಡುಗೆ ಮಾಡುತ್ತಿದ್ದವರು. ಮಗಳು ಎಂಟನೇ ವಯಸ್ಸಿಗೇ ಉಪ್ಪಿನ ಬಟ್ಟಲು ಹಿಡಿದು ಪಂಕ್ತಿಯ ಈ ತುದಿಯಿಂದ ಆ ತುದಿಗೆ ಓಡುತ್ತಿದ್ದಳು. ಮುಂದೆ ಸಾಗರದ ಕಾಲೇಜು ಸೇರಿದಾಗ ಕಷ್ಟ ಶುರುವಾಯಿತು. ಮೋಡಲ್ ವರ್ಬ್, ಅಡ್ವರ್ಬ್, ಪ್ರಿಪೊಸಿಷನ್ ಮೂರರ ಲಕ್ಷಣವನ್ನೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವಳು. ಒಂದು ವಾಕ್ಯ ಹೇಳು ಎಂದರೆ ಮಾತ್ರ ಅಂಗೈ ಬೆವರುತ್ತಿತ್ತು. ಕೋಣಂದೂರಿಗೆ ಟೀಚರಾಗಿ ಬಂದ ಮೊದಲ ವಾರವೇ ಎದುರಿನ ನಲವತ್ತು ಮಕ್ಕಳ ಮುಖದಲ್ಲಿ ಅದೇ ಬೆವರು ಕಂಡಿತು.

"ಎಲೆ ಮೇಲೆ ಮೊದ್ಲು ಎಂತ ಬಡಿಸ್ತಾರೆ?" ಎಂದು ಕೇಳಿದರು.

"ಉಪ್ಪು ಟೀಚರ್!"

"ಅನ್ನ ಇಲ್ದೆ ಸಾರು ಹಾಕಿದ್ರೆ?"

ಕ್ಲಾಸು ಗೊಳ್ಳೆಂದಿತು.

"ಇಂಗ್ಲಿಷೂ ಅಷ್ಟೇ ಕಣ್ರೋ. ಕ್ಯಾನ್, ಮೇ, ಮಸ್ಟ್ ಎಲ್ಲ ಉಪ್ಪು. ಮಾಡೋ ಕೆಲಸ ಎಲೆಗೆ ಬೀಳೋಕೆ ಮುಂಚೆ ಅವು ಬಂದು ಕೂತಿರ್ಬೇಕು. ಅಂಡರ್, ವಿದೌಟ್ ಇವೆಲ್ಲ ಸಾರು. ಅನ್ನ ಇಲ್ದೆ ಬರೀ ಸಾರು ಹೊಯ್ದ್ರೆ ಎಲೆಯಿಂದ ಹರಿದೇ ಹೋಗ್ತದೆ. ಅಂಡರ್ ಅಂದ್ರೆ ಎಂತದ್ರ ಅಂಡರ್? ಹೇಳ್ಬೇಕು. ಸ್ಲೋಲಿ ತುಪ್ಪ ಇದ್ದ ಹಾಗೆ. ನಡುವೆ ಹಾಕಿದ್ರೂ ಆಯ್ತು, ಕೊನೆಗೆ ಹಾಕಿದ್ರೂ ಆಯ್ತು."

ಮರುದಿನ ರಟ್ಟಿನ ಬೋರ್ಡುಗಳು ಬಂದವು. ಒಬ್ಬೊಬ್ಬರ ಕೊರಳಿಗೆ ಒಂದೊಂದು ಪದ, ಎಂಟರಿಂದ ಹತ್ತನೇ ಕ್ಲಾಸಿನ ತನಕ ಅದೇ. ಜಗಲಿಯಲ್ಲಿ ಮಕ್ಕಳೇ ಸಾಲಾಗಿ ನಿಂತು ವಾಕ್ಯವಾಗಬೇಕು. ತಪ್ಪು ಜಾಗದಲ್ಲಿ ನಿಂತವರನ್ನು ಪಕ್ಕದವರೇ ತಳ್ಳುತ್ತಿದ್ದರು. ಹೀಗೆ ತಳ್ಳಾಡುತ್ತ, ನಗುತ್ತ, ಮಕ್ಕಳಿಗೆ ಇಂಗ್ಲಿಷಿನ ಹೆದರಿಕೆ ಹೋಯಿತು. ಬೋರ್ಡನ್ನು ಹತ್ತನೇ ಕ್ಲಾಸಿನ ಕೊನೆಗೆ ತೆಗೆದರೂ ಹೆಸರು ಮಾತ್ರ ಅಂಟಿಕೊಂಡೇ ಉಳಿಯಿತು. ಟೀಚರಿಗೆ ಅದೊಂದು ಹೆಮ್ಮೆ.

ಈ ಸಲ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಗುರುವಂದನೆ ಇಟ್ಟುಕೊಂಡರು. ಹಾರ ತುರಾಯಿಯ ಜೊತೆಗೆ ಒಂದು ವಿಶೇಷವೂ ಇತ್ತು. ಹಳೆಯ ಬೋರ್ಡು ಹಾಕಿಕೊಂಡು ಸ್ಟೇಜಿನ ಮೇಲೆ ಎಲ್ಲರೂ ವಾಕ್ಯವಾಗಿ ನಿಲ್ಲುವುದು: ವಿ ಕ್ಯಾನ್ ನೆವರ್ ಲಿವ್ ವಿದೌಟ್ ಟೀಚರ್. ಟೀಚರಿಲ್ಲದೆ ನಾವು ಬದುಕಲಾರೆವು ಎಂಬ ದೊಡ್ಡ ಮಾತು. ಪ್ರಾಕ್ಟೀಸಿನ ದಿನ ನೆವರ್ ಮಾತ್ರ ಬರಲಿಲ್ಲ. ಉಳಿದವರು ನಿಂತರು, ತೀರ್ಥೇಶ ಗಟ್ಟಿಯಾಗಿ ಓದಿದ: "ವಿ ಕ್ಯಾನ್ ಲಿವ್ ವಿದೌಟ್ ಟೀಚರ್!"

"ನೀವೆಲ್ಲ ಆರಾಮಾಗಿ ಬದುಕ್ತೀರಿ ಅಂತ ನಂಗೂ ಗೊತ್ತು," ಎಂದರು ಪ್ರಾಕ್ಟೀಸು ನೋಡಲು ಬಂದಿದ್ದ ಟೀಚರ್. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಬೇರೆ ಯಾರಿಗಾದ್ರೂ ಬೋರ್ಡು ಹಾಕಿದ್ರೆ ಆಗ್ತದೆ ಬಿಡಿ," ಎಂದ ತೀರ್ಥೇಶ.

ಟೀಚರ್ ಒಪ್ಪಲಿಲ್ಲ. ನೆವರ್ ಎಂದರೆ ವೇದಾವತಿ, ತನ್ನ ಬ್ಯಾಚಿನ ಅತ್ಯಂತ ಚುರುಕು ಹುಡುಗಿ. ವಾಕ್ಯದಲ್ಲಿ ಕೂರಿಸುವುದಕ್ಕೆ ಕಷ್ಟದ ಪದ ಎಂದೇ ಅದನ್ನು ಅವಳಿಗೆ ಕೊಟ್ಟಿದ್ದರು. ಈಗ ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಳು. ಟೀಚರ್ ಸೀದಾ ಅಲ್ಲಿಗೇ ಹೋದರು.

"ಎಂತ ವೇದಾ, ನಿನ್ನ ಬಿಟ್ಟು ವಾಕ್ಯ ಆಗ್ತದಾ?"

ವೇದಾವತಿ ಮೆಷಿನ್ ನಿಲ್ಲಿಸಿದಳು. "ಕೂತ್ಕೊಳ್ಳಿ ಟೀಚರ್. ನಿಮ್ಮ ಮೇಲೆ ಸಿಟ್ಟಿಲ್ಲ. ಆದ್ರೆ ಬರಲ್ಲ. ನನ್ನ ಮದ್ವೆಗೆ ಊರವ್ರು 'ನೆವರ್ ಮದ್ವೆ' ಅಂತ್ಲೇ ಬಂದ್ರು. ನಕ್ಕೆ. ಅಂಗಡಿ ಹಾಕ್ದಾಗ 'ನೆವರ್ ಹತ್ರ ಬಟ್ಟೆ ಕೊಟ್ರೆ ಯಾವತ್ತೂ ವಾಪಸ್ ಬರಲ್ಲ' ಅಂದ್ರು. ಅದಕ್ಕೂ ನಕ್ಕೆ. ಈಗ ನನ್ನ ಮಗಳು ಧೃತಿ ಎಂಟನೇ ಕ್ಲಾಸು. ಅವಳನ್ನ 'ನೆವರ್ ಮರಿ' ಅಂತಾರೆ. ಮೊನ್ನೆ ಭಾಷಣಕ್ಕೆ ಎದ್ದು ನಿಂತ್ರೆ ಹಿಂದಿನ ಬೆಂಚಿಂದ 'ನೆವರ್, ನೆವರ್' ಅಂತ ಕೂಗಿದ್ರಂತೆ. ಅರ್ಧಕ್ಕೇ ಕೂತಳು. ನಾಲ್ಕು ದಿನ ಆಯ್ತು, ಸ್ಕೂಲಿಗೆ ಹೋಗಲ್ಲ ಅಂತ ಹಠ. ನಾನು ಮತ್ತೆ ಆ ಬೋರ್ಡು ಹಾಕ್ಕೊಂಡು ಊರೆದುರು ನಿಂತ್ರೆ ಅವಳಿಗೂ ಈ ಹೆಸರು ಗಟ್ಟಿಯಾಗ್ತದೆ."

ಇಂಗ್ಲಿಷ್ ಕಲಿಸಿದೆ ಎಂದು ಬೀಗಿದ್ದೇ ಬಂತು, ಕೂಸಿನ ಬೆನ್ನಿಗೆ ಹೊರೆ ಹೊರಿಸಿದ್ದು ತಿಳಿಯಲೇ ಇಲ್ಲವಲ್ಲ! ಟೀಚರಿಗೆ ನಾಚಿಕೆಯಾಯಿತು, ಅಳುವೂ ಬಂತು. "ನೀನು ಸ್ಟೇಜ್ ಹತ್ತೋದು ಬೇಡ," ಎಂದರು. "ಧೃತೀನ ಕರ್ಕೊಂಡು ಬಂದು ಕೂತ್ಕೊ, ಅಷ್ಟೇ ಸಾಕು."

"ನೋಡ್ತೀನಿ ಟೀಚರ್."

ಗುರುವಂದನೆಯ ದಿನ ಅಮ್ಮ ಮಗಳು ಕೊನೆಯ ಸಾಲಿನಲ್ಲಿ ಬಂದು ಕೂತರು. ಸ್ಟೇಜಿನಲ್ಲಿ ಕ್ಯಾನ್‌ಗೂ ಲಿವ್‌ಗೂ ನಡುವೆ ಒಂದಾಳಿನಷ್ಟು ಜಾಗ ಖಾಲಿ. ಓದಿದ ಕೂಡಲೇ ಸಭೆ ನಕ್ಕಿತು, ಹಿಂದಿನಿಂದ ಒಬ್ಬ "ನೆವರ್ ಇಲ್ಲೇ ಕೂತಿದ್ದಾಳೆ ಮಾರಾಯ್ರೆ!" ಎಂದು ಕೂಗಿದ. ನೂರು ತಲೆ ತಿರುಗಿದವು. ಧೃತಿ ಅಮ್ಮನ ಬೆನ್ನ ಹಿಂದೆ ಸರಿದಳು.

ಶಾಲು ಹೊದೆದು ಕುರ್ಚಿಯಲ್ಲಿದ್ದ ಟೀಚರ್ ಎದ್ದರು. ಕೊರಳ ಹಾರ ತೆಗೆದು ಕುರ್ಚಿಗೆ ಹಾಕಿದರು. ಮೇಜಿನ ಮೇಲೆ ಉಳಿದಿದ್ದ ನೆವರ್ ಬೋರ್ಡನ್ನು ತಮ್ಮ ಕೊರಳಿಗೇ ಹಾಕಿಕೊಂಡು ಖಾಲಿ ಜಾಗದಲ್ಲಿ ಹೋಗಿ ನಿಂತರು.

"ಈ ಹೆಸರು ಇಟ್ಟಿದ್ದು ನಾನು. ಇವತ್ತಿಂದ ಇದು ನಂದು. ಯಾರಿಗಾದ್ರೂ ನೆವರ್ ಅಂತ ಕರೀಬೇಕು ಅನ್ಸಿದ್ರೆ ನನ್ನ ಕರೀರಿ, ಓಗೊಡ್ತೀನಿ. ಆ ಮಗೂನ ಕರೆದ್ರೆ ಮಾತ್ರ ನಿಮ್ಮನೆ ಬಾಗ್ಲಿಗೇ ಬರ್ತೀನಿ, ಗೊತ್ತಾಯ್ತಾ? ವೇದಾ, ನಂದು ತಪ್ಪಾಯ್ತು ಕಣೇ."

ಎಲ್ಲರಿಗಿಂತ ತಡವಾಗಿ ಅರ್ಥ ಮಾಡಿಕೊಳ್ಳುವ ಜಯಪ್ಪ ಈ ಸಲ ಎಲ್ಲರಿಗಿಂತ ಮೊದಲು ಕೈಯೆತ್ತಿದ. "ನೆವರ್... ಟೀಚರಿಗೆ... ಜೈ!" ಚಪ್ಪಾಳೆ ಬಿತ್ತು. ಧೃತಿ ಅಮ್ಮನ ಹಿಂದಿನಿಂದ ಇಣುಕಿ ನೋಡಿ ಕಿಸಕ್ಕನೆ ನಕ್ಕಳು.

ಊರಿಗೇನು, ಹಳೆಯ ಹೆಸರಿಗಿಂತ ಹೊಸ ಹೆಸರೇ ರುಚಿ. ಸೋಮವಾರದಿಂದ ಧೃತಿ ಸ್ಕೂಲಿಗೆ ಹೊರಟಳು. ಸಂತೆಯಲ್ಲಿ "ನೆವರ್ ಟೀಚರೇ, ಬಸಳೆ ಬೇಕಾ?" ಎಂಬ ಕೂಗು ಕೇಳತೊಡಗಿತು. ಮೊದಲ ವಾರ ಟೀಚರಿಗೆ ಮಜವೇ ಆಯಿತು. ಮೂರನೇ ವಾರ ಗುರುತೇ ಇಲ್ಲದ ಒಂದು ಮಗು ಬೇಲಿಯಾಚೆಯಿಂದ "ನೆವರ್ ಟೀಚರ್!" ಎಂದು ಕೂಗಿ ಓಡಿಹೋಯಿತು. ಮಗುವಿನ ಮಾತು, ತಮಾಷೆಗೆ ಅಂದದ್ದು, ತಾವೇ ಬೇಡಿ ತಂದದ್ದು. ಆದರೂ ಎದೆಯೊಳಗೆ ಚುಚ್ಚಿತು.

ಟೀಚರ್ ಕೈಚೀಲ ಹಿಡಿದುಕೊಂಡೇ ಹೊಲಿಗೆ ಅಂಗಡಿಗೆ ಹೋಗಿ ಸ್ಟೂಲಿನ ಮೇಲೆ ಕೂತರು.

"ಬೇಜಾರಾಗ್ತದೆ ಕಣೇ ವೇದಾ," ಎಂದರು. "ಅಭ್ಯಾಸ ಆಗಕ್ಕೆ ಎಷ್ಟು ದಿನ ಬೇಕು?"

ವೇದಾವತಿ ಹಲ್ಲಿನಲ್ಲಿ ದಾರ ಕಡಿದಳು. "ಇಪ್ಪತ್ತೈದು ವರ್ಷ ನೋಡಿದೀನಿ ಟೀಚರ್. ಆಗಲ್ಲ," ಎಂದಳು. ಹಾಗೆಂದವಳೇ, ಅಷ್ಟೂ ವರ್ಷ ಊರಿಗಾಗಿ ನಕ್ಕವಳು, ಮೊದಲ ಸಲ ತನಗಾಗಿ ಬಿದ್ದು ಬಿದ್ದು ನಕ್ಕಳು.