ಹರಿಹರಕ್ಕೆ ಒಂದೇ ಟಿಕೆಟ್

ಡಿಸೆಂಬರ್ ಮುಗಿಯುತ್ತ ಬಂದಿತ್ತು. ಬೆಳಗ್ಗೆ ಎಂದಿನಂತೆ ಬಾಗಿಲಿಗೆ ನೀರು ಹಾಕಿ, ರಂಗೋಲಿ ಎಳೆದು, ಅತ್ತೆಯವರ ಕಣ್ಣಿಗೆ ಡ್ರಾಪ್ಸ್ ಬಿಟ್ಟು, ಚಹಾಕ್ಕೆ ಇಟ್ಟೆ. ನಮ್ಮ ಮನೆಯವರು ಪೇಪರ್ ಹಿಡಿದು ಕುಳಿತಿದ್ದರು. ಹಾಲು ಉಕ್ಕಿ ಬರುವುದು, ಅವರು ಎರಡನೇ ಪುಟ ತಿರುವುವುದು, ಅತ್ತೆ ಕೆಮ್ಮುವುದು, ಮೂರೂ ದಿನಾ ಒಟ್ಟಿಗೇ ಆಗುತ್ತವೆ. (ಗಮನಿಸಿ ನೋಡಿ, ನಿಮ್ಮ ಮನೆಯಲ್ಲೂ ಇಂಥದೊಂದು ಇರುತ್ತದೆ.)

ಅವತ್ತು ಪೇಪರಿನ ಹಿಂದಿನಿಂದ ಒಂದು ಪ್ರಶ್ನೆಯೂ ಬಂತು. "ಈ ವರ್ಷ ಹೆಂಗ ಹೋತು ನಿಂದು?"

"ಛಲೋ ಹೋತಲ್ರಿ. ನಿಮ್ಮ ತಂಗಿ ಮಗಳ ಲಗ್ನಾ ಆತು, ಅತ್ತಿ ಕಣ್ಣಿನ ಆಪರೇಷನ್ ಆತು, ಮಾಳಿಗಿ ಸೋರೋದು ನಿಂತು."

"ಅದು ಮನೀದಾತು. ನಾ ಕೇಳಿದ್ದು ನಿಂದು."

ಕೇಳಿದವರು ಚಹಾ ಕುಡಿದು ಅಂಗಡಿಗೆ ಹೋದರು. ಪ್ರಶ್ನೆ ಮಾತ್ರ ಅಡುಗೆಮನೆಯಲ್ಲೇ ಉಳಿಯಿತು, ಒಗ್ಗರಣೆಯ ಘಾಟಿನ ಹಾಗೆ.

ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಓದುವಾಗ, ಕ್ರಿಸ್‌ಮಸ್ ರಜೆ ಬಿಡುವ ಮುಂಚೆ ಸಿಸ್ಟರ್ ನಮ್ಮನ್ನೆಲ್ಲ ಕಣ್ಣು ಮುಚ್ಚಿಸಿ ಕೂರಿಸುತ್ತಿದ್ದರು. ಈ ವರ್ಷ ಹೇಗಿದ್ದೆ ಅಂತ ನಿನ್ನನ್ನೇ ಕೇಳಿಕೋ, ಬೇರೆಯವರ ಸುದ್ದಿ ಬೇಡ ಎನ್ನುತ್ತಿದ್ದರು. ನಾನೋ, ಒಂದು ಕಣ್ಣು ತೆರೆದು ಪಕ್ಕದವಳು ಸರಿಯಾಗಿ ಮುಚ್ಚಿದ್ದಾಳೋ ಇಲ್ಲವೋ ಅಂತ ನೋಡುತ್ತಿದ್ದೆ. ಈಗಲೂ ಅದೇ ಕತೆಯಲ್ಲವೇ?

ರೊಟ್ಟಿ ಬಡಿಯುತ್ತ ಯೋಚಿಸಿದೆ. ಈ ವರ್ಷ ಸವಣೂರು ಬಿಟ್ಟು ಎಲ್ಲೆಲ್ಲಿ ಹೋಗಿದ್ದೆ? ಹಾನಗಲ್ಲಿಗೆ ಲಗ್ನಕ್ಕೆ. ಚಿಕ್ಕೇರೂರಿಗೆ ತೊಟ್ಟಿಲಿಗೆ. ಶಿಗ್ಗಾವಿಗೆ, ತೀರಿಕೊಂಡ ದೂರದ ಮಾವನವರ ಮಣ್ಣಿಗೆ. (ಮಣ್ಣಿಗೆ ಹೋಗಿ ಬಂದ ದಿನ ಗೊತ್ತಲ್ಲ, ಮುಂಬಾಗಿಲು ಇಲ್ಲ. ಹಿತ್ತಲಿನಿಂದ ನೇರ ಬಚ್ಚಲಿಗೆ, ತಲೆ ಮೇಲೆ ನೀರು ಬಿದ್ದ ಮೇಲೇ ಒಳಗೆ.) ನಮ್ಮ ಕಡೆ ಹೆಂಗಸು ಊರು ಬಿಡಬೇಕೆಂದರೆ ಯಾರಾದರೂ ಹುಟ್ಟಬೇಕು, ಮದುವೆಯಾಗಬೇಕು, ಇಲ್ಲವೇ ಸಾಯಬೇಕು. ಇದರಲ್ಲಿ ನನ್ನದು ಯಾವುದು?

ಒಂದೂ ಇಲ್ಲ. ಆದರೆ ವರ್ಷ ಇನ್ನೂ ಮುಗಿದಿಲ್ಲವಲ್ಲ?

ದಾವಣಗೆರೆ ಕಡೆಯ ಮದುವೆಗಳಿಗೆ ರೈಲಿನಲ್ಲಿ ಹೋಗುವಾಗ ಹರಿಹರದ ಹತ್ತಿರ ತುಂಗಭದ್ರೆ ಬರುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಯಾರೋ ಚಕ್ಕುಲಿ ಡಬ್ಬಿ ನನ್ನ ಕೈಗಿಟ್ಟು "ಎಲ್ಲಾರಿಗೂ ಹಂಚವಾ" ಅನ್ನುತ್ತಾರೆ. ಹಂಚಿ ತಲೆ ಎತ್ತುವಷ್ಟರಲ್ಲಿ ಹೊಳೆ ಹಿಂದೆ ಹೋಗಿರುತ್ತದೆ. ಒಮ್ಮೆ ಇಳಿದು ಕಣ್ತುಂಬ ನೋಡಬೇಕು ಅಂತ ಮದುವೆಯಾದಾಗಿನಿಂದ ಅಂದುಕೊಳ್ಳುತ್ತಲೇ ಇದ್ದೇನೆ.

"ಅತ್ತಿ, ಹರಿಹರಕ್ಕ ಹೋಗಿ ಬರ್ತೇನ್ರಿ. ಸಂಜಿಕೆ ಬಂದುಬಿಡ್ತೇನಿ."

"ಯಾರ ಮನಿಗೆ?"

"ಯಾರ ಮನಿಗೂ ಅಲ್ರಿ. ಹೊಳಿ ನೋಡಾಕ."

ಅತ್ತೆಯವರು ಕಪ್ಪು ಕನ್ನಡಕದೊಳಗಿಂದ ನನ್ನನ್ನು ನೋಡಿದರು. ಬೇಡ ಅನ್ನುತ್ತಾರೆ ಅಂದುಕೊಂಡೆ. "ಬುತ್ತಿ ಕಟಗೊಂಡು ಹೋಗು," ಅಂದರು. "ಡ್ರಾಪ್ಸ್ ನಾನ ಹಾಕ್ಕೊಂತೇನಿ."

ಬುತ್ತಿ ಕಟ್ಟಿದೆ. ಕೈ ಸುಮ್ಮನಿರಬೇಕಲ್ಲ? ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು ಅನ್ನ. ಸ್ಟೇಷನ್ನಿಗೆ ಟಂಟಂ ಆಟೋ ಹತ್ತುವಾಗ ಚೀಲ ಎತ್ತಲಾಗಲಿಲ್ಲ, ಆಗ ತಿಳಿಯಿತು. ಹೊರಟವಳು ಒಬ್ಬಳು, ಕಟ್ಟಿದ್ದು ಒಂದು ದಿಬ್ಬಣಕ್ಕೆ ಆಗುವಷ್ಟು.

ಯಲವಿಗಿ ಸ್ಟೇಷನ್ನಿನಲ್ಲಿ "ಹರಿಹರ, ಒಂದು" ಅಂದೆ. ಕೌಂಟರಿನವರು "ಒಂದನ?" ಅಂತ ನನ್ನ ಹಿಂದೆ ಇಣುಕಿದರು. ಹಿಂದೆ ಯಾರೂ ಇರಲಿಲ್ಲ. ನನಗೇ ಪುಳಕವಾಯಿತು.

ರೈಲಿನಲ್ಲಿ ಎದುರಿಗೆ ಒಬ್ಬ ಹೆಣ್ಣುಮಗಳು, ತೊಡೆಯ ಮೇಲೆ ಮೆಣಸಿನಕಾಯಿ ಚೀಲ.

"ಎಲ್ಲಿಗ್ರಿ ಅಕ್ಕಾರ? ಬೀಗರ ಮನಿಗೇನ್ರಿ?"

"ಇಲ್ರಿ. ಹೊಳಿ ನೋಡಾಕ."

"ಹರಕಿ ಏನ್ರಿ?"

"ಹರಕಿ ಗಿರಕಿ ಏನಿಲ್ರಿ."

ಆಕೆ ಎದ್ದು ಬಂದು ನನ್ನ ಪಕ್ಕದಲ್ಲೇ ಕುಳಿತಳು. ದನಿ ತಗ್ಗಿಸಿದಳು. "ಮನ್ಯಾಗ ಜಗಳಾ ಆಗೈತೇನ್ರಿ? ಎಲ್ಲಾರ ಮನ್ಯಾಗೂ ಇರತೈತಿ ಬಿಡ್ರಿ. ನೀರಿನ ಹಂತ್ಯಾಕ ಮಾತ್ರ ಹೋಗಬ್ಯಾಡ್ರಿ."

ಜಗಳ ಇಲ್ಲವೆಂದು ನಂಬಿಸಲು ನಾಲ್ಕು ರೊಟ್ಟಿ ಬೇಕಾದವು. ಬುತ್ತಿ ಹಗುರವಾಯಿತು. ಸೇತುವೆ ಬಂದಾಗ ಆಕೆಯೇ ಡಬ್ಬಿ ಹಿಡಿದುಕೊಂಡು "ನೋಡ್ರಿ ನಿಮ್ಮ ಹೊಳಿ" ಅಂದಳು. ಅವತ್ತು ಹೊಳೆಯನ್ನು ಈ ದಂಡೆಯಿಂದ ಆ ದಂಡೆಯವರೆಗೆ ನೋಡಿದೆ.

ಇಳಿದು ದಂಡೆಯ ಮೇಲೆ ಕುಳಿತೆ. ನಿಜ ಹೇಳಬೇಕೆಂದರೆ, ಮೊದಲು ಏನು ಮಾಡಬೇಕೋ ತಿಳಿಯಲಿಲ್ಲ. ಹಂಚಲು ಯಾರೂ ಇಲ್ಲ. ಅತ್ತೆಗೆ ಫೋನ್ ಹಚ್ಚಿದೆ. "ಡ್ರಾಪ್ಸ್ ಹಾಕ್ಕೊಂಡೇನಿ. ಹೊಳಿ ನೋಡು," ಅಂದು ಇಟ್ಟುಬಿಟ್ಟರು.

ಸರಿ, ನೋಡಿದೆ. ಹೆಂಗಸರು ಕೌದಿ ಒಗೆಯುತ್ತಿದ್ದರು. ಬಡಿತ ಮೊದಲು ಕಣ್ಣಿಗೆ, ಆಮೇಲೆ ಕಿವಿಗೆ. ನಿರಿಗೆ ಎತ್ತಿಕೊಂಡು ನೀರಿಗೆ ಇಳಿದೆ. ತಂಪು ಮೊಣಕಾಲಿನಿಂದ ದವಡೆಯವರೆಗೆ ಏರಿತು. ಒಬ್ಬಳೇ ನಕ್ಕೆ.

ಹೇಗೆ ಹೋಯಿತು ವರ್ಷ? ಮನೆಯದು ಚೆನ್ನಾಗಿಯೇ ಹೋಯಿತು. ಅದರಲ್ಲಿ ನನ್ನದೂ ಇತ್ತು, ಸುಳ್ಳೇಕೆ? ಕಣ್ಣಿನ ಪಟ್ಟಿ ಬಿಚ್ಚಿದ ದಿನ ಅತ್ತೆ ನನ್ನ ಸೀರೆಯ ಬಣ್ಣ ಸರಿಯಾಗಿ ಹೇಳಿದಾಗ ಬಚ್ಚಲಿಗೆ ಹೋಗಿ ಅತ್ತಿದ್ದೆ. ಆ ಸಂತೋಷ ನನ್ನದಲ್ಲದೆ ಮತ್ಯಾರದು? ಆದರೆ ಯಾರೂ ಕರೆಯದೆ, ಯಾರಿಗೂ ಬೇಕಾಗದೆ, ಸುಮ್ಮನೆ ನನಗೆ ಬೇಕೆಂದು ಮಾಡಿದ್ದು? ಅದು ಈ ಮೊಣಕಾಲುದ್ದದ ನೀರು ಮಾತ್ರ. ಕಡಿಮೆಯೇ. ಆದರೂ ಎಂಥ ತಂಪು ನೀರು ಅಂತೀರಿ.

ಖುಷಿಯಲ್ಲಿ ಇನ್ನೊಂದು ಹೆಜ್ಜೆ ಇಟ್ಟೆ. ಪಾಚಿಗಲ್ಲು ಜಾರಿತು. ಸೆರಗು, ಜಡೆ, ಎಲ್ಲ ಸಮೇತ ಹೊಳೆಯಲ್ಲಿ ಕುಳಿತೆ. "ಜಳಕಾ ಆತಲ್ರಿ," ಅಂದರು ಕೌದಿಯವರು. ಅವರೇ ಕೈ ಹಿಡಿದು ಎಬ್ಬಿಸಿದರು.

ಸೀರೆ ರೈಲಿನ ಗಾಳಿಗೆ ಒಣಗಿತು. ಜಡೆಗೆ ಮೆತ್ತಿದ್ದ ಹೊಳೆಯ ರಾಡಿ ಒಣಗಿ ಉದುರತೊಡಗಿತು. ಸಾರಿಸಿದ ಮನೆಯೊಳಗೆ ಹೀಗೇ ಹೋಗುವುದು ಹೇಗೆ? ಸಂಜೆ ಹಿತ್ತಲಿನಿಂದಲೇ ಬಚ್ಚಲಿಗೆ ಹೋಗಿ, ತಲೆಗೆ ನೀರು ಹಾಕಿಕೊಂಡು, ದೇವರ ಮುಂದೆ ದೀಪ ಹಚ್ಚಿ, ಕೂದಲಿಗೆ ಟವೆಲ್ ಸುತ್ತಿಕೊಂಡು ಮುಂಬಾಗಿಲಿಗೆ ಬಂದೆ. ನಮ್ಮವರು ಬಂದ ಕೂಡಲೇ ಬೆಳಗಿನ ಪ್ರಶ್ನೆಗೆ ಉತ್ತರ ಹೇಳಬೇಕಲ್ಲ?

ಅವರಿಗಿಂತ ಮೊದಲು ಎದುರುಮನೆಯ ಗಿರಿಜಕ್ಕ ಹಾಲು ತೆಗೆದುಕೊಂಡು ಬಂದರು. ನನ್ನ ಒದ್ದೆ ತಲೆ ನೋಡಿ, ನಡಿಗೆ ನಿಲ್ಲಿಸದೆ ಕೇಳಿದರು:

"ಯಾರ ಮಣ್ಣಿಗೆ ಹೋಗಿದ್ರಿ? ಭಾಳ ವಯಸ್ಸಾಗಿತ್ತೇನ್ರಿ ಅವರಿಗೆ, ನಿಮ್ಮ ಮಾರಿ ಮ್ಯಾಲ ನಗಿ ಐತಲ್ಲ ಅದಕ್ಕ ಕೇಳಿದೆ."